ಕೊಳಗ ಯಾರ ಕೈಯಲ್ಲಿ?

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಕೈಗಾದ ಸುದ್ದಿ ಎತ್ತುವ ಹಾಗಿಲ್ಲ. 1998ರ ದೀಪಾವಳಿಯಲ್ಲಿ ಅಮ್ಮ ಮಾಡಿದ ಕಟ್ಟಳೆ ಇದು. ಆ ವರ್ಷದ ಬೇಸಿಗೆಯಲ್ಲಿ ಅಕ್ಕನ ಮದುವೆಯಾಗಿತ್ತು, ಭಾವ ಮೊದಲ ಹಬ್ಬಕ್ಕೆ ಬಂದಿದ್ದರು. ಭಾವನಿಗೆ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ನೌಕರಿ. ಅಪ್ಪ ಅದೇ ಸ್ಥಾವರ ಬೇಡವೆಂದು ವರ್ಷಗಟ್ಟಲೆ ಓಡಾಡಿದವ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಶುರುವಾದ ಮಾತು ಮಜ್ಜಿಗೆ ಬಡಿಸುವಷ್ಟರಲ್ಲಿ ಜಗಳವಾಗಿತ್ತು. ಭಾವ ಎಲೆ ಮಡಚಿ ಎದ್ದರು. ಅಮ್ಮ ಸೌಟು ಕೆಳಗಿಟ್ಟು ಅಪ್ಪನಿಗೆ ಹೇಳಿದ್ದು ಇಷ್ಟೇ: "ನಿಮ್ಮ ಅಣು ಅಂಗಳದಲ್ಲಿರಲಿ. ಒಳಗೆ ತರಬೇಡಿ."

ಅಂದಿನಿಂದ ಆ ವಾದ ಅಂಗಳದಲ್ಲೇ ನಡೆದುಕೊಂಡು ಬಂದಿದೆ. ಅಂಗಳವೆಂದರೆ ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಚಪ್ಪರ, ಮಳೆಗಾಲದಲ್ಲಿ ಜಗಲಿ. ಇಪ್ಪತ್ತೇಳು ವರ್ಷ ಅದನ್ನು ಕೇಳಿಸಿಕೊಂಡವನು ನಾನು. ಅಣುವಿದ್ಯುತ್ತಿನ ವಿರೋಧದ ಬಗ್ಗೆ ಜಗತ್ತಿನಾದ್ಯಂತ ಪುಸ್ತಕ, ವರದಿ, ಕರಪತ್ರಗಳ ರಾಶಿಯೇ ಇದೆ. ಒಂದಷ್ಟನ್ನು ನಾನೂ ಓದಿದ್ದೇನೆ. ಆದರೂ ನನಗೆ ಈ ವಿಷಯ ಅರ್ಥವಾದಷ್ಟು ಅರ್ಥವಾದದ್ದು ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ.

ಕೈಗಾ ಇರುವುದು ಉತ್ತರ ಕನ್ನಡದಲ್ಲಿ, ಕಾಳಿ ನದಿಯ ದಂಡೆಯಲ್ಲಿ. ನಮ್ಮ ಊರು ಸಾಗರ ತಾಲ್ಲೂಕಿನ ತಾಳಗುಪ್ಪದ ಹತ್ತಿರ. ನಡುವೆ ಎರಡು ಮೂರು ಘಟ್ಟ, ನಾಲ್ಕು ಹೊಳೆ. ಶಿವಮೊಗ್ಗ ಜಿಲ್ಲೆಯ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರಿಗೆ ಅಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ಭಾವ ಕೇಳಿಯೂ ಇದ್ದರು. ಅದಕ್ಕೆ ಅಪ್ಪನ ಉತ್ತರ ಯಾವಾಗಲೂ ಅಟ್ಟದ ಮೇಲಿನ ಕೊಳಗದಿಂದ ಶುರುವಾಗುತ್ತಿತ್ತು.

ಆ ಕೊಳಗ ಈಗಲೂ ಇದೆ. ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ. ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದವನು. ಭತ್ತ ಬೆಳೆಯುವವನು ಅವನು, ಅಳೆಯುವುದು ಒಡೆಯರ ಮನೆಯ ಕೊಳಗದಲ್ಲಿ. ಒಡೆಯರ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದು. ಕಣದಲ್ಲಿ ಹತ್ತು ಕೊಳಗ ಎಂದು ಎಣಿಸಿದ್ದು ಮನೆಗೆ ಬಂದು ಅಳೆದರೆ ಹನ್ನೊಂದೋ ಹನ್ನೆರಡೋ ಆಗಿರುತ್ತಿತ್ತು. 1951ರಲ್ಲಿ ಕಾಗೋಡಿನ ಗೇಣಿದಾರರು ಎಚ್. ಗಣಪತಿಯಪ್ಪನವರ ಜೊತೆ ನಿಂತು ಸತ್ಯಾಗ್ರಹ ಹೂಡಿದಾಗ, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದಾಗ, ಜಗಳದ ಮೂಲದಲ್ಲಿ ಇದ್ದದ್ದು ಇಂಥದ್ದೇ ಒಂದು ಕೊಳಗ. ಭೂಮಿ ಯಾರದ್ದು ಎಂಬ ದೊಡ್ಡ ಪ್ರಶ್ನೆ ಆಮೇಲಿನದು. ಮೊದಲು ಎದ್ದದ್ದು ಅಳತೆ ಯಾರದ್ದು ಎಂಬುದು. ಅಜ್ಜ ಸತ್ಯಾಗ್ರಹ ಮುಗಿಸಿ ಬಂದವನೇ ಬಡಗಿಯ ಕೈಲಿ ಸರಿಯಾದ ಕೊಳಗ ಮಾಡಿಸಿದನಂತೆ. ಅದೇ ಇದು.

ಆ ಕೊಳಗದಲ್ಲಿ ಅವನು ಹದಿಮೂರು ವರ್ಷವೂ ನೆಟ್ಟಗೆ ಅಳೆಯಲಿಲ್ಲ. 1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ತುಂಬಿತು. ಮುಳುಗಡೆಯ ಕತೆ ನಮ್ಮ ಕಡೆ ಯಾರಿಗೂ ಹೊಸದಲ್ಲ, ವಿಸ್ತರಿಸುವುದಿಲ್ಲ. ಗೇಣಿದಾರನ ಹೆಸರು ಕಾಗದದಲ್ಲಿ ಇರಲಿಲ್ಲವಾದ್ದರಿಂದ ಪರಿಹಾರದ ದುಡ್ಡು ಒಡೆಯರಿಗೆ ಹೋಯಿತು. ಅಜ್ಜನಿಗೆ ಸಿಕ್ಕಿದ್ದು ಲಾರಿಯಲ್ಲಿ ಒಂದು ಜಾಗ. ಕೊಳಗ, ಎರಡು ಹಂಡೆ, ಒಂದು ಕರು, ಅಪ್ಪ. ಅಪ್ಪನಿಗೆ ಆಗ ಹದಿನೈದು ವರ್ಷ. ನಾಡಿಗೆ ಬೆಳಕಾಗುತ್ತದೆ ಎಂದು ಹೇಳಿದ್ದರು, ಆಗಿದ್ದೂ ನಿಜ. ಶರಾವತಿ ವಿದ್ಯುದಾಗಾರದ ಇಂದಿನ ಸಾಮರ್ಥ್ಯ 1,035 ಮೆಗಾವ್ಯಾಟ್. ನಾವು ಬಂದು ನಿಂತ ಕೇರಿಗೆ ಕಂಬ ಬಂದದ್ದು ನಾನು ಹುಟ್ಟಿದ ಮೇಲೆ.

ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದರೆ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಹಿರೇಭಾಸ್ಕರ ಎಂದು ಅದರ ಹೆಸರು. 1948ರಲ್ಲಿ ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರಕ್ಕಾಗಿ ಕಟ್ಟಿದ್ದು. ಹದಿನಾರೇ ವರ್ಷಕ್ಕೆ ಅದನ್ನೂ ಲಿಂಗನಮಕ್ಕಿ ನುಂಗಿತು. ಜನ ಅಲ್ಲಿ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ಅಪ್ಪ ನಮ್ಮನ್ನು ಒಮ್ಮೆ ಕರೆದುಕೊಂಡು ಹೋಗಿ ಅದರ ಗೋಡೆಯ ಮೇಲೆ ನಿಲ್ಲಿಸಿ ಹೇಳಿದ್ದ: "ನೋಡಿ, ಇದನ್ನು ಕಟ್ಟುವಾಗ ನೂರು ವರ್ಷ ಬಾಳುತ್ತೆ ಅಂತ ಲೆಕ್ಕ ಹಾಕಿರ್ತಾರೆ. ಲೆಕ್ಕ ತಪ್ಪಿಲ್ಲ. ಈಗಲೂ ಗಟ್ಟಿ ಇದೆ. ನೀರಿನಡಿಗೆ."

ಅಪ್ಪನ ತಮಾಷೆಗಳೆಲ್ಲ ಹೀಗೇ.

ಕೈಗಾಕ್ಕೆ ಬರುತ್ತೇನೆ. ಅಲ್ಲಿ ರಿಯಾಕ್ಟರ್ ಕಟ್ಟುತ್ತಾರಂತೆ ಎಂಬ ಸುದ್ದಿ ಬಂದದ್ದು 1980ರ ದಶಕದ ನಡುವಿನಲ್ಲಿ. ಮೊದಲ ಯೋಜನೆಯಲ್ಲಿ ತಲಾ 235 ಮೆಗಾವ್ಯಾಟಿನ ಆರು ಘಟಕ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಫೋಟಿಸಿತು. ಘಟ್ಟದ ಜನ ಬೆಚ್ಚಿದ್ದು ಆಗ ಎಂದು ಎಲ್ಲರೂ ಬರೆಯುತ್ತಾರೆ, ಅದು ಅರ್ಧ ಸತ್ಯ. ಅದಕ್ಕೂ ಮುಂಚೆಯೇ ಶಿರಸಿ ಸೀಮೆಯವರು ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಎದುರಿಸಿ ಪಳಗಿದ್ದರು. 1981ರ ಜನವರಿಯಲ್ಲಿ ಶಿರಸಿಯಲ್ಲಿ ನಡೆದ ವಿಚಾರ ಸಂಕಿರಣಕ್ಕೆ ಅಡಿಕೆ ಬೆಳೆಗಾರರ ಸಹಕಾರ ಸಂಘವೇ ಮುಂದೆ ನಿಂತು ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿತು. ಎಷ್ಟು ಕರೆಂಟು, ಎಷ್ಟು ಕಾಡು, ಎಷ್ಟು ತೋಟ ಎಂದು ಲೆಕ್ಕ ಮುಂದಿಟ್ಟು ಕೂತರು. ಯೋಜನೆ ಹಿಂದೆ ಸರಿಯಿತು. ಎರಡು ವರ್ಷಕ್ಕೆ, 1983ರಲ್ಲಿ, ಸಲ್ಕಣಿಯ ಕಡೆ ಮರಗಳನ್ನು ತಬ್ಬಿ ನಿಂತ ಅಪ್ಪಿಕೋ ಬಂತು. ಹೀಗಾಗಿ ಕೈಗಾದ ಹೊತ್ತಿಗೆ ಈ ಸೀಮೆಗೆ ಸರ್ಕಾರದ ಮುಂದೆ ಕೂತು ಲೆಕ್ಕ ಕೇಳುವ ಅಭ್ಯಾಸ ಆಗಿಹೋಗಿತ್ತು.

ಆದರೆ ಅಣುವಿನ ವಿಷಯದಲ್ಲಿ ಲೆಕ್ಕ ಕೇಳುವುದೇ ಕಷ್ಟ. 1962ರ ಪರಮಾಣು ಶಕ್ತಿ ಕಾಯ್ದೆಯಲ್ಲಿ ಮಾಹಿತಿಯನ್ನು ತಡೆಹಿಡಿಯಲು ಸರ್ಕಾರಕ್ಕೆ ಅಧಿಕಾರವಿತ್ತು. ಇಲಾಖೆ ನೇರವಾಗಿ ಪ್ರಧಾನಿಯ ಕೈಕೆಳಗೆ. ಬೇಡ್ತಿಯಲ್ಲಿ ನಡೆದ ಆಟ ಇಲ್ಲಿ ನಡೆಯಲಿಲ್ಲ. ಮೇಲ್ಗಡೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ, ಅದಕ್ಕೇನಾದರೂ ಆದರೆ ಕೆಳಗಿನ ರಿಯಾಕ್ಟರಿನ ಗತಿ ಏನು? ಉರಿದು ಮುಗಿದ ಇಂಧನ ಎಲ್ಲಿಗೆ ಹೋಗುತ್ತದೆ? ಇಂಥ ಘಟ್ಟ, ಇಂಥ ಮಳೆ, ಒಂದೇ ರಸ್ತೆ. ಜನ ಓಡಬೇಕಾಗಿ ಬಂದರೆ ಯಾವ ಕಡೆಗೆ? ಅಪ್ಪನ ನೋಟ್ ಪುಸ್ತಕದಲ್ಲಿ ಇಂಥ ಪ್ರಶ್ನೆಗಳು ನೀಲಿ ಶಾಯಿಯಲ್ಲಿವೆ, ಉತ್ತರಕ್ಕೆಂದು ಬಿಟ್ಟ ಜಾಗ ಹಾಗೇ ಖಾಲಿ ಇದೆ. ಮೇಷ್ಟ್ರಲ್ಲವೇ, ಉತ್ತರಕ್ಕೆ ಜಾಗ ಬಿಟ್ಟೇ ಬರೆಯುವುದು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಸಿದ್ದಾಪುರದ ಬಸ್ಸು ಹತ್ತಿದರೆ ಅವನು ಮರಳುತ್ತಿದ್ದದ್ದು ಭಾನುವಾರ ರಾತ್ರಿ. ಸರ್ಕಾರಿ ನೌಕರ, ಹೆಸರು ಹೊರಗೆ ಬರುವ ಹಾಗಿಲ್ಲ. 1989ರಲ್ಲಿ ಶಿವರಾಮ ಕಾರಂತರು ಪರಿಸರದ ಪ್ರಶ್ನೆ ಮುಂದಿಟ್ಟುಕೊಂಡು ಕೆನರಾ ಕ್ಷೇತ್ರದಿಂದ ಲೋಕಸಭೆಗೆ ನಿಂತರಲ್ಲ, ಆಗಂತೂ ಅಪ್ಪ ಮಫ್ಲರ್ ಸುತ್ತಿಕೊಂಡು ಸಿದ್ದಾಪುರದ ಹಳ್ಳಿಗಳನ್ನು ಸುತ್ತಿದ. ಕಾರಂತರಿಗೆ ಎಂಬತ್ತೇಳು ವರ್ಷ. ನಮ್ಮ ಮನೆಯಿಂದ ಕೆಲವೇ ಮೈಲಿ ಆಚೆ ಅವರ ಕ್ಷೇತ್ರ ಶುರುವಾಗುತ್ತಿತ್ತು. ನಾವು ಶಿವಮೊಗ್ಗ ಕ್ಷೇತ್ರದವರು. ಊರೂರು ತಿರುಗಿ ಮತ ಕೇಳಿದ ಅಪ್ಪನಿಗೆ ಸ್ವತಃ ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಕಾರಂತರು ಸೋತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಂದನೇ ಘಟಕದ, ಡಿಸೆಂಬರಿನಲ್ಲಿ ಎರಡನೇ ಘಟಕದ ಕೆಲಸ ಶುರುವಾಯಿತು.

ಒಂದು ಮಾತು ಇಲ್ಲಿ ಹೇಳಬೇಕು, ಅಪ್ಪ ಓದಿದರೂ ಸರಿಯೇ. ಆಗಿನ ಕರಪತ್ರಗಳು ನಮ್ಮ ಮನೆಯಲ್ಲಿ ಇನ್ನೂ ಇವೆ. ಅವುಗಳಲ್ಲಿ ಒಂದರ ಮುಖಪುಟದಲ್ಲಿ ಅಣಬೆ ಆಕಾರದ ಹೊಗೆಯ ಚಿತ್ರ, ಕೆಳಗೆ ಕೈಗಾದ ಹೆಸರು. ಇದು ಸುಳ್ಳು. ಕೈಗಾದಲ್ಲಿ ಉರಿಯುವುದು ನೈಸರ್ಗಿಕ ಯುರೇನಿಯಂ; ಸಿಡಿಯಬಲ್ಲ ಯುರೇನಿಯಂ-235 ಅದರಲ್ಲಿ ನೂರಕ್ಕೆ 0.7 ಪಾಲು. ಬಾಂಬಿಗೆ ಬೇಕಾದದ್ದು ನೂರಕ್ಕೆ ತೊಂಬತ್ತರ ಆಸುಪಾಸು. ರಿಯಾಕ್ಟರ್ ಹಿರೋಶಿಮಾದ ಹಾಗೆ ಸಿಡಿಯಲಾರದು. ವಿಜ್ಞಾನದ ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲವೇ ಎಂದು ಒಮ್ಮೆ ನೇರವಾಗಿ ಕೇಳಿದೆ.

"ಗೊತ್ತಿತ್ತು ಮಾರಾಯ," ಅಂದ. "ಆದ್ರೆ ಸೂಪಾ, ಮಳೆ, ರಸ್ತೆ ಅಂತ ಬರೆದ ಕರಪತ್ರ ಒಬ್ಬನೂ ಓದಲಿಲ್ಲ. ಈ ಚಿತ್ರ ಹಾಕಿದ ಮೇಲೆ ನಿಂತು ಕೇಳಿದ್ರು."

ನನಗೆ ಅದು ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ದೊಡ್ಡ ಕೊಳಗದ ವಿರುದ್ಧ ಜಗಳಕ್ಕೆ ಹೋದವರು ತಾವೂ ಒಂದು ದೊಡ್ಡ ಕೊಳಗ ಹಿಡಿದುಕೊಂಡು ಹೋದ ಹಾಗಾಯಿತು. ಇಲಾಖೆಯವರು ಆ ಚಿತ್ರವನ್ನೇ ತೋರಿಸಿ, ನೋಡಿ ಇವರಿಗೆ ವಿಜ್ಞಾನ ತಿಳಿಯದು ಎಂದು ನಕ್ಕುಬಿಟ್ಟರೆ ನಿಜವಾದ ಪ್ರಶ್ನೆಗಳಿಗೆ ಉತ್ತರ ಕೊಡುವ ಗೋಜೇ ಇಲ್ಲ.

ಹಾಗಾದರೆ ನಿಜವಾದ ಅಪಾಯ ಯಾವುದು? ಅದನ್ನು ನನಗೆ ತಿಳಿಸಿಕೊಟ್ಟದ್ದು ಅಪ್ಪನಲ್ಲ, ಭಾವ. ಅದೂ ನಮ್ಮ ಅಡಿಕೆ ಹಂಡೆಯ ಮುಂದೆ. ಅದು 2011ರ ಸುಗ್ಗಿ. ಆ ವರ್ಷ ಮಾರ್ಚ್ 11ರಂದು ಜಪಾನಿನಲ್ಲಿ ಸುನಾಮಿ ಬಂದು ಫುಕುಶಿಮಾ ಕೆಟ್ಟಿತ್ತು. ರಿಯಾಕ್ಟರ್ ನಿಂತ ಮೇಲೂ ಯಾಕೆ ಕರಗಿತು ಎಂದು ನಾನು ಕೇಳಿದೆ. ಭಾವ ಒಲೆಯ ಬಾಯಿಯಿಂದ ಕೊಳ್ಳಿಗಳನ್ನೆಲ್ಲ ಹೊರಗೆಳೆದರು. ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯುವುದು ನಿಲ್ಲಲಿಲ್ಲ.

"ನೋಡು, ಸೌದೆ ತೆಗೆದಾಯ್ತು. ಕೆಂಡ ಇದೆಯಲ್ಲ? ಇಲ್ಲಿ ಕೆಂಡಕ್ಕೆ ನೀರು ಎರಚಿ ಎದ್ದು ಹೋಗಬಹುದು. ಅಲ್ಲಿ ಕೆಂಡ ಇರೋದು ಇಂಧನದ ಹೊಟ್ಟೆಯೊಳಗೇ. ನಿಲ್ಲಿಸಿದ ಕ್ಷಣದಲ್ಲೂ ನೂರಕ್ಕೆ ಆರೇಳು ಪಾಲು ಶಾಖ ಬರ್ತಾನೇ ಇರ್ತದೆ. ದಿನ ಕಳೆದ ಹಾಗೆ ಇಳೀತದೆ, ಆದ್ರೆ ಸೊನ್ನೆ ಆಗೋದಿಲ್ಲ. ಹಂಡೆಗೆ ನೀರು ಹೊಯ್ತಾನೇ ಇರಬೇಕು. ಹೊಯ್ಯೋಕೆ ಪಂಪು, ಪಂಪಿಗೆ ಕರೆಂಟು. ಜಪಾನಿನಲ್ಲಿ ಸುನಾಮಿ ಬಂದು ಆ ಕರೆಂಟೇ ಹೋಯ್ತು."

ಅಪ್ಪ ಚಪ್ಪರದ ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಂಡ. ಕೊನೆಗೆ, "ಅಳಿಯಂದಿರೇ, ಇಷ್ಟು ಚೆಂದಾಗಿ 1987ರಲ್ಲಿ ಯಾರಾದ್ರೂ ಬಂದು ಹೇಳಿದ್ರೆ ನಾನು ಆ ಅಣಬೆ ಚಿತ್ರ ಹಾಕಿಸ್ತಿರಲಿಲ್ಲ," ಅಂದ. ಅವರಿಬ್ಬರ ನಡುವೆ ಏನೋ ಸಡಿಲಾದದ್ದು ಆ ಸಂಜೆ ಇರಬೇಕು.

ಇನ್ನು ಅಪ್ಪನ ಕಡೆಯ ಗಟ್ಟಿ ಸಾಕ್ಷಿ. 1994ರ ಮೇ 13. ಒಂದನೇ ಘಟಕದ ರಿಯಾಕ್ಟರ್ ಕಟ್ಟಡಕ್ಕೆ ಹೊದಿಸಿದ್ದ ಕಾಂಕ್ರೀಟ್ ಗುಮ್ಮಟದ ಒಳಮೈ ಪದರ ಪದರವಾಗಿ ಕಳಚಿ ಕೆಳಗೆ ಬಿತ್ತು. ಏನೇ ಅವಘಡವಾದರೂ ವಿಕಿರಣ ಹೊರಬಾರದಂತೆ ತಡೆಯಬೇಕಾದ ಗುಮ್ಮಟವೇ ಅದು. ಬಿದ್ದದ್ದು ಸುಮಾರು 130 ಟನ್. ಇನ್ನೂ ಇಂಧನ ತುಂಬಿರಲಿಲ್ಲ, ಕೆಲಸಗಾರರು ಗಾಯಗೊಂಡರು. ವಿನ್ಯಾಸ ಬದಲಿಸಿ, ಮತ್ತೆ ಕಟ್ಟಿ, ಒಂದನೇ ಘಟಕ ಗ್ರಿಡ್ಡಿಗೆ ಲೆಕ್ಕದ ಕರೆಂಟು ಕೊಡಲು ಶುರು ಮಾಡಿದ್ದು 2000ದ ನವೆಂಬರಿನಲ್ಲಿ, ಎರಡನೇ ಘಟಕಕ್ಕಿಂತಲೂ ತಡವಾಗಿ. ಆಗ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ದೇಶದ ಅಣುಸ್ಥಾವರಗಳ ಸುರಕ್ಷತೆಯ ಕುರಿತು 130 ಲೋಪಗಳನ್ನು ಪಟ್ಟಿ ಮಾಡಿದ್ದರು, ನಿವೃತ್ತರಾದ ಮೇಲೆ ಬಹಿರಂಗವಾಗಿಯೇ ಮಾತಾಡಿದರು. ಗುಮ್ಮಟ ಬಿದ್ದ ದಿನ ಅಪ್ಪ ಗೆದ್ದವನ ಹಾಗೆ ಇರಲಿಲ್ಲ ಎಂಬುದು ನನಗೆ ನೆನಪಿದೆ. ಪೇಪರನ್ನು ಮಡಚಿ ತೊಲೆಯ ಸಂದಿಗೆ ಸಿಕ್ಕಿಸಿ ತೋಟಕ್ಕೆ ಹೋದ.

ಈಗ ಭಾವನ ಕಡೆಯ ಸಾಕ್ಷಿ. ಅದೇ ಒಂದನೇ ಘಟಕ, ಅದೇ ಮೇ 13, ವರ್ಷ ಮಾತ್ರ 2016. ಆ ದಿನ ಓಡಲು ಶುರುವಾದ ರಿಯಾಕ್ಟರ್ 2018ರ ಡಿಸೆಂಬರ್ 31ರವರೆಗೆ ಒಂದು ಗಳಿಗೆಯೂ ನಿಲ್ಲಲಿಲ್ಲ. 962 ದಿನ. ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಮುರಿದು ಜಗತ್ತಿಗೇ ಮೊದಲಾಯಿತು. ಮುಂದೆ ಕೆನಡಾದವರು ಅದನ್ನು ದಾಟಿದರು, ಆ ಮಾತು ಬೇರೆ. ಭಾವ ಆ ದಿನ ಮಲ್ಲಾಪುರದ ಟೌನ್‌ಶಿಪ್ಪಿನಿಂದ ಫೋನ್ ಮಾಡಿ ಅಪ್ಪನನ್ನೇ ಕೇಳಿ ಕರೆಸಿದರು. ಅಪ್ಪ ಫೋನಿನಲ್ಲಿ, "ಒಳ್ಳೇದು ಅಳಿಯಂದಿರೇ, ನಿಮ್ಮ ಕೈಗುಣ," ಎಂದದ್ದು ನಾನೇ ಕೇಳಿದ್ದೇನೆ. ಯಂತ್ರಕ್ಕೆ ಸಲ್ಲಬೇಕಾದ ಹೊಗಳಿಕೆಯನ್ನು ಜಾಣತನದಿಂದ ಅಳಿಯನಿಗೆ ತಿರುಗಿಸಿದ್ದು ಆಮೇಲೆ ಹೊಳೆಯಿತು.

ಭಾವನ ಹತ್ತಿರ ಇನ್ನೂ ಹರಿತವಾದ ಒಂದು ಮಾತಿದೆ, ಅದಕ್ಕೆ ಅಪ್ಪ ಯಾವತ್ತೂ ನೇರ ಉತ್ತರ ಕೊಟ್ಟಿಲ್ಲ. ಕೈಗಾದ ನಾಲ್ಕು ಘಟಕ ಸೇರಿ 880 ಮೆಗಾವ್ಯಾಟ್. ಅದಕ್ಕೆ ಸ್ವಲ್ಪವೇ ಹೆಚ್ಚು ಕರೆಂಟಿಗಾಗಿ ಲಿಂಗನಮಕ್ಕಿ ಮುಳುಗಿಸಿದ್ದು 300 ಚದರ ಕಿಲೋಮೀಟರಿಗೂ ಹೆಚ್ಚು ನೆಲ. "ಮಾವ, ನಿಮ್ಮ ಊರು ನುಂಗಿದ್ದು ಅಣು ಅಲ್ಲ, ನೀರು," ಅನ್ನುತ್ತಾರೆ. ರಾಯಚೂರಿನ ಕಲ್ಲಿದ್ದಲ ಬೂದಿ ಉಸಿರಾಡುವವರನ್ನು ಕೇಳಿ ನೋಡಿ ಎಂದೂ ಸೇರಿಸುತ್ತಾರೆ. ಹೌದಲ್ಲ ಅನಿಸುತ್ತದೆ. ಅಪ್ಪ ಆಗ, ಕಾಳಿಯಲ್ಲೂ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಕಟ್ಟೆ ಇವೆಯಲ್ಲ, ಕದ್ರಾದ ನೀರಿಲ್ಲದೆ ನಿಮ್ಮ ಕೈಗಾ ತಣಿಯುವುದು ಹೇಗೆ ಎನ್ನುತ್ತಾನೆ. ಅದು ಸರಿಯೇ, ಆದರೆ ಅದು ಉತ್ತರವಲ್ಲ.

ನಾನು ಇವರಿಬ್ಬರ ನಡುವೆ ಎಲ್ಲಿ ನಿಲ್ಲುತ್ತೇನೆ? ಬಹಳ ವರ್ಷ ಎಲ್ಲಿಯೂ ನಿಂತಿರಲಿಲ್ಲ. ನಿಲ್ಲುವ ಹಾಗೆ ಮಾಡಿದ್ದು 2009ರ ನವೆಂಬರ್.

ಕೈಗಾದ ಕೆಲಸಗಾರರ ಮೂತ್ರವನ್ನು ಆಗಾಗ ಪರೀಕ್ಷೆ ಮಾಡುತ್ತಾರೆ. ಭಾರಜಲ (ಭಾರವಾದ ಜಲಜನಕವಿರುವ ನೀರು) ಬಳಸುವ ರಿಯಾಕ್ಟರಿನಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಹುಟ್ಟುತ್ತದೆ, ಅದು ಮೈಗೆ ಸೇರಿದೆಯೇ ಎಂದು ನೋಡಲು. ಆ ಸಲ 50ಕ್ಕೂ ಹೆಚ್ಚು ಜನರಲ್ಲಿ ಟ್ರಿಟಿಯಂ ಕಂಡಿತು. ಹುಡುಕಿದರೆ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್. ಒಳಗಿನವರೇ ಯಾರೋ ಅದಕ್ಕೆ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಟ್ರಿಟಿಯಂನ ಅರ್ಧಾಯುಷ್ಯ, ಅಂದರೆ ಇದ್ದದ್ದು ಕ್ಷಯಿಸಿ ಅರ್ಧಕ್ಕಿಳಿಯುವ ಕಾಲ, 12.3 ವರ್ಷ, ಆದರೆ ಅದು ನೀರಿನ ಜೊತೆಗೇ ಮೈಯಿಂದ ಹೊರಟುಹೋಗುತ್ತದೆ. ಸುಮಾರು ಹತ್ತು ದಿನಕ್ಕೆ ಅರ್ಧ ಇಳಿಯುತ್ತದೆ. ಅವರಿಗೆಲ್ಲ ಮೂತ್ರ ಹೆಚ್ಚಾಗಿ ಹೋಗುವ ಔಷಧ ಕೊಟ್ಟರು. ಅಕ್ಕ ಫೋನ್ ಮಾಡಿ ಅತ್ತಳು. ಭಾವ ಆ ಪಟ್ಟಿಯಲ್ಲಿ ಇರಲಿಲ್ಲ. ಬೇರೆ ಕಡೆ ಇದ್ದರು. ಅಪ್ಪ ಆ ರಾತ್ರಿ ಅಕ್ಕನಿಗೆ ಸಮಾಧಾನ ಹೇಳಿದ್ದು ಬಿಟ್ಟರೆ ಒಂದೇ ಒಂದು ಕುಹಕ ಆಡಲಿಲ್ಲ.

ಹಬ್ಬಕ್ಕೆ ಬಂದಾಗ ಮಾತ್ರ ಕೇಳಿದ. "ಅಳಿಯಂದಿರೇ, ಎದೆಗೆ ಸಿಕ್ಕಿಸಿಕೊಳ್ತೀರಲ್ಲ ಬ್ಯಾಡ್ಜು, ಎಷ್ಟು ವಿಕಿರಣ ತಗುಲ್ತು ಅಂತ ತೋರಿಸೋದು. ಅದನ್ನ ಓದೋರು ಯಾರು?"

"ನಮ್ಮ ಲ್ಯಾಬಿನವರೇ ಮಾವ."

"ಹೊರಗಿನ ನೀರು, ಹಾಲು, ಮೀನು ತಂದು ಪರೀಕ್ಷೆ ಮಾಡ್ತಾರಂತಲ್ಲ, ಅದು?"

"ಅದು ಬಾರ್ಕಿನ ಲ್ಯಾಬು. ಬೇರೆ."

"ಬಾರ್ಕ್ ಯಾರದ್ದು?"

ಭಾವ ಸುಮ್ಮನಾದರು. ಬಾರ್ಕ್ ಎಂದರೆ ಭಾಭಾ ಅಣು ಸಂಶೋಧನಾ ಕೇಂದ್ರ, ಅದೂ ಅದೇ ಅಣುಶಕ್ತಿ ಇಲಾಖೆಯದ್ದು. ಅಪ್ಪ ಅಟ್ಟದ ಕಡೆ ಒಮ್ಮೆ ನೋಡಿದ, ಅಷ್ಟೇ.

ನಾನು ಹೊಟ್ಟೆಪಾಡಿಗೆ ಶಿವಮೊಗ್ಗದ ಒಂದು ಆಡಿಟ್ ಕಚೇರಿಯಲ್ಲಿ ದುಡಿಯುವವನು. ಸಹಕಾರ ಸಂಘಗಳ, ಅಂಗಡಿಗಳ ಲೆಕ್ಕ ತಪಾಸಣೆ ನನ್ನ ಕಸುಬು. ಸಂಘದ ಕಾರ್ಯದರ್ಶಿ ಕಳ್ಳ ಎಂದುಕೊಂಡು ನಾವು ಯಾರೂ ಹೋಗುವುದಿಲ್ಲ. ನೂರರಲ್ಲಿ ತೊಂಬತ್ತು ಜನ ಪ್ರಾಮಾಣಿಕರೇ. ಆದರೂ ಪುಸ್ತಕ ಬರೆದವನೇ ಪುಸ್ತಕ ತಪಾಸಣೆ ಮಾಡಿ ಸಹಿ ಹಾಕಿದರೆ ಅದಕ್ಕೆ ತಪಾಸಣೆ ಎಂಬ ಹೆಸರಿಲ್ಲ. 2012ರಲ್ಲಿ ಮಹಾಲೇಖಪಾಲರು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಬಗ್ಗೆ ಕೊಟ್ಟ ವರದಿಯನ್ನು ಓದುವಾಗ ಇದೇ ನೆನಪಾಯಿತು. 1983ರಲ್ಲಿ ಹುಟ್ಟಿದ ಮಂಡಳಿ; ತನ್ನ ಕಣ್ಗಾವಲಿನಲ್ಲಿ ಇರಬೇಕಾದವರ ಕೈಕೆಳಗೇ ಅದು ಕೂತಿದೆ, ಸ್ವತಂತ್ರವಲ್ಲ ಎಂದು ಆ ವರದಿ ಹೇಳಿತು. ಒಂದು ವಿಕಿರಣ ಸುರಕ್ಷತಾ ನೀತಿಯನ್ನೇ ಅದು ಅಷ್ಟು ವರ್ಷವಾದರೂ ರೂಪಿಸಿಲ್ಲವೆಂದೂ ಬರೆದಿತ್ತು. ಕಾರಂತರಾಗಲಿ ಕರಪತ್ರವಾಗಲಿ ಹೇಳಿದ ಮಾತಲ್ಲ ಇದು, ಸರ್ಕಾರದ ಲೆಕ್ಕಿಗರೇ ಹೇಳಿದ್ದು. 2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಗಳನ್ನು ಬದಿಗಿಟ್ಟು ಹೊಸ ಕಾನೂನು ತಂದು ಮಂಡಳಿಗೆ ಶಾಸನದ ಬಲ ಕೊಟ್ಟಿದೆ. ಅದರ ಜೊತೆಗೇ ಅಣುವಿದ್ಯುತ್ತಿಗೆ ಖಾಸಗಿಯವರೂ ಬರಲು ಬಾಗಿಲು ತೆರೆದಿದೆ. 2047ಕ್ಕೆ 100 ಗಿಗಾವ್ಯಾಟ್ ಗುರಿ, ಆಗ ಇದ್ದದ್ದು 9 ಗಿಗಾವ್ಯಾಟಿಗೂ ಕಡಿಮೆ. ಕೊಳಗಗಳ ಸಂಖ್ಯೆ ಹೆಚ್ಚಲಿದೆ ಅಂತಾಯಿತು.

ಆದ್ದರಿಂದ ನಾನು ನಿಂತದ್ದು ಇಲ್ಲಿ. ರಿಯಾಕ್ಟರ್ ಸಿಡಿಯುತ್ತದೆ ಎಂಬ ಭಯ ನನಗಿಲ್ಲ. ಭಾವನಂಥವರು ಅದನ್ನು 962 ದಿನ ಓಡಿಸಬಲ್ಲರು ಎಂಬ ನಂಬಿಕೆ ಇದೆ. ಅವರ ನಡುವೆಯೇ ಒಬ್ಬ ಕೂಲರಿಗೆ ಭಾರಜಲ ಬೆರೆಸಬಲ್ಲ ಎಂಬುದೂ ಗೊತ್ತಿದೆ, ಅಂಥವನಿಗೆ ಯಾವ ಗುಮ್ಮಟವೂ ಅಡ್ಡಿಯಾಗದು. ನನ್ನ ತಕರಾರು ಅಳೆಯುವವರ ಬಗ್ಗೆ, ಅಳೆದದ್ದನ್ನು ತಿಳಿಸುವ ರೀತಿಯ ಬಗ್ಗೆ. 2012ರ ನವೆಂಬರಿನಲ್ಲಿ ಕೋಲಾರದ ಜನ ಬೀದಿಗಿಳಿದದ್ದು ನೆನಪಿರಬಹುದು. ಉರಿದ ಅಣು ಇಂಧನ ಇಡಲು ಕೆಜಿಎಫ್‌ನ ಪಾಳು ಗಣಿಗಳನ್ನು ಯೋಚಿಸುತ್ತಿದ್ದೇವೆ ಎಂದು ಸುಪ್ರೀಂ ಕೋರ್ಟಿನಲ್ಲಿ ಕೂಡಂಕುಳಂ ಮೊಕದ್ದಮೆಯ ನಡುವೆ ಮಾತು ಬಂತು. ಆ ಗಣಿಯ ಮೇಲೆ ಬದುಕುವವರಿಗೆ ಅದು ತಿಳಿದದ್ದು ಮರುದಿನದ ಪೇಪರಿನಿಂದ. ಗಲಾಟೆಯಾದ ಮೇಲೆ ಹಾಗೇನೂ ಇಲ್ಲ ಎಂದು ಮಾತು ವಾಪಸಾಯಿತು. ಇಂಧನದೊಳಗಿನ ಪ್ಲುಟೋನಿಯಂ-239ರ ಅರ್ಧಾಯುಷ್ಯ 24,100 ವರ್ಷ. ಅಷ್ಟು ಕಾಲ ಇಟ್ಟುಕೊಳ್ಳಬೇಕಾದವರನ್ನು ಒಂದು ದಿನ ಮೊದಲು ಕೇಳುವ ಸೌಜನ್ಯವೂ ಬೇಡವೇ?

ಕೈಗಾದ 5 ಮತ್ತು 6ನೇ ಘಟಕಕ್ಕೆ, ತಲಾ 700 ಮೆಗಾವ್ಯಾಟಿನವು, 2018ರ ಡಿಸೆಂಬರ್ 15ರಂದು ಮಲ್ಲಾಪುರದಲ್ಲಿ ಅಹವಾಲು ಸಭೆ ನಡೆಯಿತು. ಹೇಶಮ್‌ನ 940 ದಿನಗಳ ದಾಖಲೆ ಮುರಿದು ವಾರವೂ ಕಳೆದಿರಲಿಲ್ಲ, ರಿಯಾಕ್ಟರ್ ಇನ್ನೂ ಓಡುತ್ತಲೇ ಇತ್ತು. ಜನ ಬೇಡವೆಂದರು. ಮರುವರ್ಷ ಪರಿಸರ ಅನುಮತಿ ಸಿಕ್ಕಿತು. 2019ರ ಆಗಸ್ಟಿನಲ್ಲಿ ಕದ್ರಾದಿಂದ ಬಿಟ್ಟ ನೀರು ಕೆಳಗಿನ ಊರುಗಳಿಗೆ ನುಗ್ಗಿದಾಗ ಅಪ್ಪ ತನ್ನ ಹಳೆಯ ನೋಟ್ ಪುಸ್ತಕ ತೆಗೆದು ಸೂಪಾದ ಪ್ರಶ್ನೆಯ ಕೆಳಗಿನ ಖಾಲಿ ಜಾಗದಲ್ಲಿ ತಾರೀಕು ಬರೆದಿಟ್ಟ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಕತೆ ತಿರುಗಿ ನಮ್ಮ ಶರಾವತಿಗೇ ಬಂದಿದೆ. ಅಣು ಬೇಡ, ಬಿಸಿಲಿದೆಯಲ್ಲ, ಗಾಳಿಯಿದೆಯಲ್ಲ ಎಂದು ಅಪ್ಪನ ಕಾಲದವರು ಹೇಳುತ್ತಿದ್ದರು. ಹೇಳಿದ್ದು ಬಂದೂ ಬಂತು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ, ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದು ಮಾಡಿದ್ದು. ಆದರೆ ಬಿಸಿಲಿನ ಕರೆಂಟು ಹಗಲಿಗೆ ಮಾತ್ರ. ಅದನ್ನು ಕೂಡಿಡಲು ಒಂದು ಉಪಾಯವೆಂದರೆ ಹೆಚ್ಚುವರಿ ಕರೆಂಟಿನಿಂದ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಎತ್ತುವುದು, ಬೇಕಾದಾಗ ಬಿಡುವುದು. ಅದಕ್ಕೆ ಕಂಡಿರುವ ಜಾಗ ತಳಕಳಲೆ ಮತ್ತು ಗೇರುಸೊಪ್ಪೆಯ ನಡುವಿನ ಕಣಿವೆ, ಸಿಂಗಳೀಕಗಳ ಕಾಡು. 2,000 ಮೆಗಾವ್ಯಾಟ್. ಕಾಡಿನ ಹೊಟ್ಟೆಯಲ್ಲಿ ಸುರಂಗ. ಅಣು ಬೇಡ ಅಂದವರ ಹಿತ್ತಲಿಗೇ ಬಿಸಿಲೂ ಬಂದು ಜಾಗ ಕೇಳುತ್ತಿದೆ. ಅಪ್ಪನಿಗೆ ಇದು ಬಹಳ ನೋವಿನ ವಿಷಯ, ಒಪ್ಪಿಕೊಳ್ಳುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ಲಿನಲ್ಲಿ ಅದರ ಅಹವಾಲು ಸಭೆ ಇತ್ತು. ಅಪ್ಪನಿಗೆ ಎಪ್ಪತ್ತಾರು, ಮೊಣಕಾಲು ನೋವು. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಆ ವರ್ಷವೇ ನಿವೃತ್ತರಾಗಿ ಊರಿಗೆ ಬಂದಿದ್ದ ಭಾವ, ಕಾರು ನಾನು ಬಿಡುತ್ತೇನೆ ಎಂದು ಕೀಲಿ ಇಸಿದುಕೊಂಡರು. ಸಭೆಯಲ್ಲಿ ಜನವೋ ಜನ. ಅಪ್ಪನ ಸರದಿ ಬಂದಾಗ ಎದ್ದು ನಿಂತು ಮುಳುಗಡೆ, ಲಾರಿ, ಕೊಳಗ ಎಂದು ಶುರುಮಾಡಿದ. ಗಂಟಲು ಕಟ್ಟಿತು, ಪೂರ್ತಿ ಮಾಡಲಾಗಲಿಲ್ಲ. ನಾನು ಹೋಗಿ ಕೂರಿಸಿದೆ. ತಿರುಗಿ ನೋಡಿದರೆ ಭಾವ ಮೈಕಿನ ಮುಂದೆ ನಿಂತಿದ್ದರು.

ನಾನು ಮೂವತ್ತು ವರ್ಷ ವಿದ್ಯುತ್ ಸ್ಥಾವರದಲ್ಲಿ ದುಡಿದವನು, ವಿರೋಧ ಮಾಡಲು ಬಂದವನಲ್ಲ, ಎಂದು ಶುರುಮಾಡಿದರು. ನೂರು ಯೂನಿಟ್ ಖರ್ಚು ಮಾಡಿ ನೀರೆತ್ತಿದರೆ ವಾಪಸ್ ಬರುವುದು ಎಪ್ಪತ್ತೈದೋ ಎಂಬತ್ತೋ. ಆ ನೂರು ಯೂನಿಟ್ ಎಲ್ಲಿಂದ ತರುತ್ತೀರಿ? ಬಿಸಿಲಿನದ್ದೋ, ಕಲ್ಲಿದ್ದಲಿನದ್ದೋ, ರಾತ್ರಿ ಹೊತ್ತು ಇಳಿಸಲಾಗದ ಅಣುಸ್ಥಾವರದ್ದೋ? ಆ ಲೆಕ್ಕವನ್ನು ಪ್ರತಿ ತಿಂಗಳು ಈ ಪಂಚಾಯಿತಿಯ ಬೋರ್ಡಿನ ಮೇಲೆ ಹಾಕುತ್ತೀರಾ? ಅಳೆದು ಹಾಕುವವರು ನೀವೋ, ಬೇರೆಯವರೋ? ಇಷ್ಟು ಕೇಳಿ, ಯಾರೂ ಚಪ್ಪಾಳೆ ತಟ್ಟುವ ಮೊದಲೇ ಬಂದು ಕೂತರು.

ವಾಪಸ್ ಬರುವಾಗ ಸಣ್ಣ ಮಳೆ. ಅಪ್ಪ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಜೋಗದ ತಿರುವು ದಾಟುವ ತನಕ ಯಾರೂ ಮಾತಾಡಲಿಲ್ಲ.

"ಅಳಿಯಂದಿರೇ," ಅಂದ ಅಪ್ಪ, "ಇದನ್ನ ನೀವು ಕೈಗಾದಲ್ಲಿ ಕೇಳಬೇಕಿತ್ತು."

ಭಾವ ವೈಪರ್ ಹಾಕಿದರು. "ಅಲ್ಲಿ ಸಂಬಳ ತಗೊಳ್ತಿದ್ದೆ ಮಾವ."

ಅಪ್ಪ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ.

"ಗ್ರಾಚ್ಯುಟಿ, ಪಿಎಫ್ ಎಲ್ಲ ಕೈಗೆ ಬಂತಾ?"

"ಬಂತು ಮಾವ."

"ಹಾಗಾದ್ರೆ ಇನ್ನು ಕೇಳಿ."